ಸ್ಕೌಟ್ ದಳದಾಗ ಒಂದು ಜಾಗ ಕೊಡ್ರೀ ಸರ್

ಸ್ಕೌಟ್ ದಳ ನಡೆಸುವವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಭಾನುವಾರ ಬೆಳಿಗ್ಗೆ ಸೀಟಿ ಊದಿದರೆ ಸಾಕು, ಅವೇ ಓಡಿ ಬರುತ್ತವೆ. ನನ್ನ ನೌಕರಿ ವರ್ಗವಾದ ಊರಲ್ಲೆಲ್ಲ ಸಂಬಳವಿಲ್ಲದೆ ಈ ಕೆಲಸ ಮಾಡಿಕೊಂಡು ಬಂದವನು ನಾನು. ನಮ್ಮಲ್ಲಿ ಎಂಟು ಮಕ್ಕಳಿಗೆ ಒಬ್ಬರಾದರೂ ದೊಡ್ಡವರು ಇರಲೇಬೇಕು. ಮಕ್ಕಳು ಬೇಕಾದಷ್ಟು, ದೊಡ್ಡವರೇ ಸಿಗುವುದಿಲ್ಲ. ಹಾಗಾಗಿ ಒಂದಷ್ಟು ಮಕ್ಕಳು ಕಾಂಪೌಂಡಿನ ಆಚೆ ನಿಂತು ಆಟ ನೋಡುತ್ತಿರುತ್ತಾರೆ. ಅವರಿಗಾಗಿ ನಾನು ಊರೂರಲ್ಲಿ ದೊಡ್ಡವರನ್ನು ಹುಡುಕುತ್ತಿರುತ್ತೇನೆ.

ರಾಯಚೂರು: ಪುರಸತ್ತು

ಅಕ್ಕಿ ಮಿಲ್ಲಿನ ಸಾಹುಕಾರರೊಬ್ಬರು ಮಗನನ್ನು ಕರೆತಂದರು. "ವಾರಕ್ಕೊಮ್ಮೆ ನೀವು ಬಂದು ನಿಂತರೆ ಜಾಗ ಆಗ್ತದ" ಎಂದೆ.

"ನನಗೆಲ್ಲಿ ಪುರಸತ್ತು ಅದರೀ? ನಮ್ಮ ಗುಮಾಸ್ತನ್ನ ಕಳಸ್ತೀನಿ, ತಗೋರಿ."

ಗುಮಾಸ್ತ ಬಂದ. ಒಳ್ಳೆಯ ಮನುಷ್ಯ. ಬರುವಾಗ ತನ್ನ ಮಕ್ಕಳು, ತಮ್ಮನ ಮಕ್ಕಳು, ಓಣಿಯ ಮಕ್ಕಳು ಎಂದು ಎಂಟೂ ಜಾಗ ಭರ್ತಿ ಮಾಡಿಕೊಂಡೇ ಬಂದ.

"ನನ್ನ ಮಗಂದೇನಾತಲೇ?" ಎಂದು ಸಾಹುಕಾರರು ಸಿಡಿದರು.

"ಇನ್ನೊಬ್ರು ದೊಡ್ಡೋರು ಸಿಗೂತನಕ ಕಾಯಬೇಕ್ರೀ ಧಣಿ."

ಮರುವಾರ ಸಾಹುಕಾರರಿಗೆ ಪುರಸತ್ತು ಸಿಕ್ಕಿತ್ತು.

ಮಾನ್ವಿ: ಟವೆಲ್ಲು

ಮಾನ್ವಿಯಲ್ಲಿ ಒಮ್ಮೆ ಮೈದಾನಕ್ಕೆ ಹೋದರೆ ಮಕ್ಕಳು ಕೂರುವಲ್ಲಿ ಟವೆಲ್ಲೊಂದು ಹಾಸಿತ್ತು. ಪಕ್ಕದಲ್ಲಿ ಕಲ್ಲೂರಿನ ಅಜ್ಜನೊಬ್ಬ ಕಾವಲು ಕೂತಿದ್ದ.

"ಇದೇನು ಯಜಮಾನ್ರ?"

"ಮೊಮ್ಮಗನ ಜಾಗರೀ. ಬಸ್ಸಿನ್ಯಾಗ ಕಿಡಕ್ಯಾಗಿಂದ ಟವೆಲ್ ಹಾಕಿದ್ರ ಸೀಟು ನಮ್ಮದ ಅಲ್ಲೇನ್ರೀ?"

ನಗು ತಡೆದುಕೊಂಡು ನಮ್ಮ ನಿಯಮ ಹೇಳಿದೆ. ಕಾಂಪೌಂಡಿನ ಆಚೆಯವರಿಗೆ ನನ್ನ ಮಾತು ಕೇಳಿಸಲಿಲ್ಲ, ಟವೆಲ್ಲು ಮಾತ್ರ ಕಾಣಿಸಿತು. ಮರುವಾರ ಮೈದಾನದ ತುಂಬ ಟವೆಲ್ಲು, ಕರವಸ್ತ್ರ, ನಡುವೆ ಕೂಸಿನದೊಂದು ಕುಲಾವಿ.

"ಈ ಕುಲಾವಿ ಯಾರದು?"

ಒಬ್ಬಾಕೆ ನಾಚಿಕೊಂಡು ಮುಂದೆ ಬಂದಳು. "ನಮ್ಮ ಕೂಸಿಂದ್ರೀ. ಇನ್ನೂ ತೊಟ್ಟಿಲದಾಗ ಅದ. ಆಮ್ಯಾಲ ಜಾಗ ಸಿಗಲಿಲ್ಲಂದ್ರ?"

ದೇವದುರ್ಗ: ದೊಡ್ಡವರು

ದೇವದುರ್ಗದಲ್ಲಿ ಅರಕೇರಾದ ಹುಡುಗಿಯೊಬ್ಬಳು ವಾರವಾರವೂ ಬಂದು ಗೇಟಿನ ಸರಳು ಹಿಡಿದು ನಿಲ್ಲುತ್ತಿದ್ದಳು. ಒಳಗಿನವರು ಮಾಡಿದ್ದನ್ನೆಲ್ಲ ಹೊರಗೆ ಒಬ್ಬಳೇ ಮಾಡುತ್ತಿದ್ದಳು, ಸೆಲ್ಯೂಟನ್ನೂ. ಅದನ್ನು ನೋಡುವುದು ನನ್ನಿಂದಾಗುತ್ತಿರಲಿಲ್ಲ. ಒಂದು ದಿನ ಅವಳ ಅಜ್ಜಿಯೇ ಬಂದಳು. ಕುರಿ ಕಾಯುವ ಮನೆಯವಳು, ಗಟ್ಟಿ ದನಿ.

"ಯಪ್ಪಾ, ನಮ್ಮ ಹುಡುಗೀನ ಯಾಕ ಹೊರಗ ನಿಲ್ಲಸೀದಿ?"

"ದೊಡ್ಡೋರು ಸಾಲವಲ್ರು ಯವ್ವಾ."

"ದೊಡ್ಡೋರಂದ್ರ ಎಷ್ಟು ದೊಡ್ಡೋರಿರಬೇಕು? ನನಗ ಎಪ್ಪತ್ತಾಗ್ಯಾವ. ಸಾಲ್ತದೇನು?"

"ಧಾರಾಳ ಸಾಲ್ತದ" ಎಂದೆ.

ಮುಂದಿನ ಭಾನುವಾರ ಗೇಟಿನ ಮುಂದೆ ಟಂಟಂ ಆಟೊ ಒಂದು ನಿಂತಿತು. ಒಳಗಿಂದ ಅಜ್ಜಿಯಂದಿರು ಇಳಿದರು, ಇಳಿದರು, ಇಳಿಯುತ್ತಲೇ ಇದ್ದರು. ನಾನು ಗೇಟನ್ನು ಪೂರ್ತಿ ತೆರೆದೆ. ಹೊರಗೆ ನಿಂತ ಅಷ್ಟೂ ಮಕ್ಕಳು ಒಳಗೆ ಬಂದರು. ಆ ಹುಡುಗಿ ಎಲ್ಲರಿಗಿಂತ ಮುಂದೆ ಓಡಿ ಬಂದು ಸೆಲ್ಯೂಟ್ ಹೊಡೆದಳು. ನನ್ನ ಕಣ್ಣು ತೇವವಾಯಿತು, ಸುಳ್ಳೇಕೆ ಹೇಳಲಿ.

ಮೊದಲ ಆಟ ಹಗ್ಗ ಜಗ್ಗುವುದು. ಅಜ್ಜಿಯಂದಿರು ತುಸು ಹೊತ್ತು ನೋಡಿದರು. ಆಮೇಲೆ ಒಬ್ಬಳು "ಸರೀರಲೇ, ಹಂಗಲ್ಲ ಜಗ್ಗೂದು!" ಎಂದು ಸೀರೆ ಎತ್ತಿ ಕಟ್ಟಿ ಹಗ್ಗ ಹಿಡಿದಳು. ಹಿಂದೆಯೇ ಉಳಿದವರೂ ಬಂದರು. ನಾನು ಸೀಟಿ ಊದಿದ್ದೇ ಊದಿದ್ದು, ಕೇಳುವವರಾರು?

ಅಷ್ಟರಲ್ಲಿ ಯಾರೋ ನನ್ನ ಅಂಗಿ ಜಗ್ಗಿದರು. ನೋಡಿದರೆ ಅದೇ ಹುಡುಗಿ, ಕಣ್ಣ ತುಂಬ ನೀರು.

"ಸರ್, ನಮ್ಮಜ್ಜಿ ನನಗ ಜಾಗಾನ ಬಿಡವಲ್ಲಳ್ರೀ!"