ಯಾರದೂ ಅಲ್ಲದ ಫೈಲು

ಬೆಳಗ್ಗೆ ಹತ್ತಕ್ಕೆ ಸ್ವಿಚ್ ಹಾಕಿದ ಮರಿಯಪ್ಪ ಕಣ್ಣುಜ್ಜಿಕೊಂಡು ನೋಡಿದ. ಅವನು ನೋಡಿಕೊಳ್ಳುವ ಹಳ್ಳಿ ಗ್ರಂಥಾಲಯದ ಕಂಪ್ಯೂಟರಿನಲ್ಲಿ ದಿನಾ ಮೂಡುತ್ತಿದ್ದ ಗೋಪಾಲಸ್ವಾಮಿ ಬೆಟ್ಟದ ಚಿತ್ರವೇ ಇಲ್ಲ. ಕಪ್ಪು ಪರದೆ, ನಾಲ್ಕು ಸಾಲು ಇಂಗ್ಲಿಷು, ಕೊನೆಯಲ್ಲಿ ಮಿಟುಕುವ ಒಂದು ಗೆರೆ.

ಕಂಪ್ಯೂಟರ್ ಆನ್ ಮಾಡಿಡಿ, ಹನ್ನೊಂದಕ್ಕೆ ಬರುತ್ತೇನೆ ಎಂದು ಚಾಮರಾಜನಗರದಿಂದ ಗ್ರಂಥಾಲಯ ಇಲಾಖೆಯ ಅಧಿಕಾರಿ ಕರಿಬಸವಯ್ಯ ಫೋನ್ ಮಾಡಿದ್ದರು. ಇನ್ನೊಂದು ಸಲ ಇದು ಕೆಟ್ಟು ಕೂತರೆ ನಿಮ್ಮನ್ನು ಆ ಬೆಟ್ಟದ ಬುಡದ ಹಳ್ಳಿಗೆ ಹಾಕಿಸುತ್ತೇನೆಂದು ಹೋದ ತಿಂಗಳೇ ಹೇಳಿದ್ದರು. ಅಲ್ಲಿ ಸಂಜೆಯಾದರೆ ಆನೆಗಳು ಓಡಾಡುತ್ತವೆ. ಸಂತೆಮರಹಳ್ಳಿ ಬಯಲಿನಲ್ಲಿ ಬೆಳೆದ ಮರಿಯಪ್ಪನಿಗೋ ಆನೆಯೆಂದರೆ ಪ್ರಾಣಭಯ. ಟಿವಿಯಲ್ಲಿ ದಸರಾ ಆನೆ ಬಂದರೂ ಕಾಲು ಮೇಲಕ್ಕೆಳೆದುಕೊಂಡು ಕೂರುವ ಆಸಾಮಿ.

ಗುಂಡ್ಲುಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಭಾಮೈದ ಶಶಿಕುಮಾರನಿಗೆ ಫೋನ್ ಹಚ್ಚಿದ. ಅವನು ಹೇಳಿದಂತೆ ಪಾಸ್‌ವರ್ಡ್ ಒತ್ತಿದರೆ ಒಂದಕ್ಷರವೂ ಕಾಣಲಿಲ್ಲ. ಕೀಬೋರ್ಡೂ ಸತ್ತಿತೆಂದು ಮರಿಯಪ್ಪ ಕೂಗಿಕೊಂಡ. ಅದು ಕಾಣುವುದೇ ಇಲ್ಲ, ಸುಮ್ಮನೆ ಒತ್ತು ಎಂದ ಶಶಿಕುಮಾರ. ಬಳಿಕ ಚಿತ್ರದ ಪರದೆಯನ್ನು ಎಬ್ಬಿಸಲು ‘ಸ್ಟಾರ್ಟ್‌ಎಕ್ಸ್’ ಎಂದು ಹೊಡೆಸಿದ. ಪರದೆ ಒಮ್ಮೆ ಬೆಳಗಿ ಮತ್ತೆ ಕಪ್ಪಾಯಿತು. ಇನ್ನೇನೋ ಹೊಡೆಸಿದಾಗ ಡಿಸ್ಕು ನೂರಕ್ಕೆ ನೂರು ಭರ್ತಿ ಎಂದು ತೋರಿಸಿತು.

“ಒಟ್ಟೆ ತುಂಬೋಗದೆ ಬಾವ, ಅದ್ಕೇ ಏಳ್ತಿಲ್ಲ. ದಪ್ಪುದ್ದು ಯಾವ್ದಾರ ಒಂದ ಅಳಿಸ್ಬುಡು.”

ತುಂಬದೆ ಇನ್ನೇನು? ಮೊಬೈಲು ನೀರಿಗೆ ಬೀಳುತ್ತದೆ, ಗ್ರಂಥಾಲಯ ಎಲ್ಲಿಗೂ ಹೋಗುವುದಿಲ್ಲ ಎಂದು ಊರವರೆಲ್ಲ ತಮ್ಮ ಮದುವೆ, ನಾಮಕರಣಗಳ ವಿಡಿಯೊ ತಂದು ಅದರೊಳಗೆ ಇಡಿಸಿದ್ದರು. ಇಲ್ಲವೆನ್ನಲು ಬಾರದ ಮರಿಯಪ್ಪ ಎಲ್ಲವನ್ನೂ ಇಟ್ಟುಕೊಂಡಿದ್ದ.

ಪೇಪರ್ ಓದುತ್ತಿದ್ದ ಪಂಚಾಯಿತಿ ಸದಸ್ಯ ಪುಟ್ಟಮಾದಯ್ಯ ಎದ್ದು ಬಂದು, ತನ್ನ ಮಗಳ ಮದುವೆಯದು ಮುಟ್ಟಿದರೆ ಚೆನ್ನಾಗಿರುವುದಿಲ್ಲ ಎಂದ. ಕಸ ಗುಡಿಸುತ್ತಿದ್ದ ಚಿಕ್ಕಮಾದಮ್ಮ ಪೊರಕೆ ಹಿಡಿದೇ ಅಡ್ಡ ನಿಂತಳು.

“ನಮ್ ಮಗೀನ ನಾಮಕರಣದ್ರಲ್ಲಿ ನಮ್ಮತ್ತೆ ಅವ್ಳೆ ಕಣಪ್ಪ. ಬದುಕಿರೋಗಂಟ ನನ್ನ ಬೈದಿದ್ದೇ ಬೈದಿದ್ದು, ಅದ್ರಲ್ಲಿ ಮಾತ್ರ ನಗ್ತಾ ಅವ್ಳೆ. ಅಳಿಸ್ಬ್ಯಾಡ.”

ಹನ್ನೊಂದಕ್ಕೆ ಹತ್ತೇ ನಿಮಿಷ. ಶಶಿಕುಮಾರ ತೆರೆಸಿದ ಪಟ್ಟಿಯಲ್ಲಿ ಒಂದೇ ಒಂದು ಫೈಲು ಅನಾಥವಾಗಿತ್ತು. ಹೆಸರಿಲ್ಲ, ಬರೀ ನಂಬರು, ಎಲ್ಲಕ್ಕಿಂತ ದಪ್ಪ. ಯಾರದೆಂದು ಮೂರು ಸಲ ಕೇಳಿದ. ಯಾರೂ ನಮ್ಮದೆನ್ನಲಿಲ್ಲ. ಅದನ್ನು ಅಳಿಸಿ ಮತ್ತೆ ಸ್ಟಾರ್ಟ್‌ಎಕ್ಸ್ ಹೊಡೆದ. ಬೆಟ್ಟ ಮೂಡಿತು. ಮರಿಯಪ್ಪ ಪರದೆಗೇ ಕೈಮುಗಿದ.

ಅಷ್ಟರಲ್ಲಿ ಜೀಪು ನಿಂತಿತು. ಕರಿಬಸವಯ್ಯ ಒಳಗೆ ಬಂದವರೇ ಪುಸ್ತಕ ನೋಡಲಿಲ್ಲ, ಹಾಜರಿ ನೋಡಲಿಲ್ಲ. ಕುರ್ಚಿ ಹತ್ತಿರಕ್ಕೆಳೆದುಕೊಂಡು ದನಿ ತಗ್ಗಿಸಿದರು.

“ತಪಾಸಣೆ ಏನಿಲ್ಲ, ಮರಿಯಪ್ಪ. ನಮ್ಮನೆ ಕಂಪ್ಯೂಟರ್ ಸುಟ್ಟೋಯ್ತು. ಹೋದ್ಸಲ ನೀವು ಟೀ ತರಕ್ಕೆ ಹೋಗಿದ್ರಲ್ಲ, ಊರೋರೆಲ್ಲ ಇಟ್ಟವ್ರೆ ಅಂತ ನಾನೂ ಮಗಳ ಮದುವೆ ವಿಡಿಯೊ ಇದ್ರಲ್ಲಿ ಹಾಕಿದ್ದೆ. ಈಗ ಅದೊಂದೇ ಉಳ್ದಿರೋದು. ಹೆಸರು ಬರ್ದಿಲ್ಲ, ಬರೀ ನಂಬರು.”

ಟೀ ತರುತ್ತೇನೆಂದು ಮರಿಯಪ್ಪ ಬಾಗಿಲ ಕಡೆ ತಿರುಗಿದ. ಚಿಕ್ಕಮಾದಮ್ಮನೇ ನೆರವಿಗೆ ಬಂದಳು.

“ಅದಾ ಸ್ವಾಮಿ? ಯಾರ್ದೂ ಅಲ್ಲ ಅಂತ ಈಗ್ತಾನೆ ಅಳಿಸ್ಬುಟ್ರು.”

ಸಾಹೇಬರು ಪರದೆಯನ್ನೇ ನೋಡುತ್ತ ಕೂತರು. ಆಮೇಲೆ ಮೆಲ್ಲಗೆ, ಇದು ಗೋಪಾಲಸ್ವಾಮಿ ಬೆಟ್ಟವಲ್ಲವೇ ಎಂದು ಕೇಳಿದರು. ಮರಿಯಪ್ಪ ತಲೆಯಾಡಿಸಿದ.

“ಚೆನ್ನಾಗಿದೆ. ಸೋಮವಾರದಿಂದ ಕಿಟಕಿಯಲ್ಲೇ ನೋಡ್ಕೋಬಹುದು ಬಿಡಿ.”