ಗಂಗಕ್ಕನ ಹಸಿರು ಸೀರೆಗೆ ಎರಡು ಕೀಲಿ

ಮುಚ್ಚಿಡುವುದು ನನಗೆ ಹುಟ್ಟಿನಿಂದ ಬಾರದ ವಿದ್ಯೆ. ಚಿಕ್ಕವನಿದ್ದಾಗ ಬೆಲ್ಲ ಕದ್ದರೆ ಕೈಗಿಂತ ಮೊದಲು ಮುಖವೇ ಹೇಳಿಬಿಡುತ್ತಿತ್ತಂತೆ. ಅಂಥವನು ಉದಗೀರದಲ್ಲಿ ಅರಿವೆ ಅಂಗಡಿ ಇಟ್ಟು, ಅದಕ್ಕೊಂದು ವೆಬ್‌ಸೈಟನ್ನೂ ನಾನೇ ಕೂತು ಕಟ್ಟಿ, ಅದರೊಳಗೆ ಮನೆಯ ಗುಟ್ಟು ಇಟ್ಟೆ ಅಂದರೆ ನನ್ನ ಬುದ್ಧಿಗೆ ಏನನ್ನುತ್ತೀರಿ?

ಗುಟ್ಟು ಅಂದರೆ ಆಹೇರದ ಯಾದಿ, ಮದುವೆ ಉಡುಗೊರೆಗಳ ಪಟ್ಟಿ. ನಮ್ಮ ಕಡೆ ಮದುವೆಯೆಂದರೆ ಬೀಗರಿಗೆ, ನೆಂಟರಿಗೆ ಸೀರೆ, ಶರ್ಟ್ ಪೀಸ್ ಕೊಡಲೇಬೇಕು. ಬಂದದ್ದನ್ನೆಲ್ಲ ಯಾರು ಉಡುತ್ತಾರೆ? ಅವು ಮನೆಯಿಂದ ಮನೆಗೆ ದಾಟುತ್ತವೆ. ಕೊಟ್ಟವರ ಕೈಗೇ ಮರಳಬಾರದು, ಅಷ್ಟೇ. ಅದಕ್ಕೆಂದು ಯಾರಿಂದ ಏನು ಬಂತು, ಯಾರಿಗೆ ಏನು ಹೋಯಿತು ಎಂಬುದನ್ನು ಹೆಂಡತಿ ಹೇಳಿದ ಹಾಗೇ ಬರೆದು ಒಂದು ಮೂಲೆಯ ಪುಟದಲ್ಲಿ ಹಾಕಿದ್ದೆ, ಆಕೆ ಫೋನಿನಲ್ಲಿ ನೋಡಿಕೊಳ್ಳಲಿ ಎಂದು.

ಮಗಳ ಮದುವೆಗೆ ಹದಿನೈದು ದಿನ ಇರುವಾಗ ಸುಮ್ಮನೆ ಅಂಗಡಿಯ ಹೆಸರು ಹಾಕಿ ಸರ್ಚ್ ಮಾಡಿದೆ. ಎರಡನೆಯ ಸಾಲಿನಲ್ಲೇ: ‘ಗಂಗಕ್ಕ ಕೊಟ್ಟ ಹಸಿರು ಸೀರೆ. ಬಣ್ಣ ಬಿಡುತ್ತದೆ. ನಿಲಂಗಾದ ನೆಂಟರಿಗೆ ದಾಟಿಸುವುದು.’ ಗಂಗಕ್ಕ ನನ್ನ ಖಾಸಾ ಅಕ್ಕ, ಕಾಸಾರಶಿರಸಿಗೆ ಮದುವೆಯಾಗಿ ಹೋದವಳು, ನನ್ನನ್ನು ಎತ್ತಿ ಆಡಿಸಿದವಳು. ಇದನ್ನು ಓದಿದರೆ ಮದುವೆಗೆ ಬರುತ್ತಾಳೆಯೇ?

“ಅಳಸ್‌ಬ್ಯಾಡ್ರಿ, ಮದವಿ ಮುಗಿಯೂತನ ಯಾದಿ ನನಗ ಬೇಕು. ಮಂದಿಗಿ ಕಾಣ್ದಂಗ ಮಾಡ್ರಿ,” ಎಂದಳು ಹೆಂಡತಿ.

ಉಪಾಯವೇನೆಂದು ಕೂತು ಓದಿದೆ. ಪುಟದೊಳಗೆ ‘ಇದನ್ನು ಸರ್ಚಿನಲ್ಲಿ ತೋರಿಸಬೇಡ’ ಎಂದು ಒಂದು ಸಾಲು ಹಾಕಿದರೆ ಸಾಕಂತೆ. ಹಾಕಿದೆ. ಆದರೆ ನಾನು ಅಂಗಡಿಯವ; ಶಟರಿಗೆ ಎರಡು ಕೀಲಿ ಜಡಿದು ಜಗ್ಗಿ ನೋಡದೆ ಮನೆಗೆ ಹೋದವನಲ್ಲ. ಸರ್ಚಿನ ಯಂತ್ರ ಆ ಪುಟದೊಳಗೆ ಕಾಲೇ ಇಡಬಾರದೆಂದು ಹೊರಗೂ ಒಂದು ಸೂಚನೆ ಹಾಕಿದೆ. ವಾರವಾದರೂ ಹಸಿರು ಸೀರೆ ಅಲ್ಲೇ! ಇದೇನು ಮಾಯೆ ಎಂದು ಊಟ ಬಿಟ್ಟು ಹುಡುಕಿದ ಮೇಲೆ ತಿಳಿಯಿತು: ಯಂತ್ರ ಒಳಗೆ ಬಂದರೆ ತಾನೇ ‘ತೋರಿಸಬೇಡ’ ಎಂಬ ಸಾಲನ್ನು ಓದುವುದು? ಚೀಟಿಯನ್ನು ಒಳಗಿನ ಗೋಡೆಗೆ ಅಂಟಿಸಿ ಹೊರಗೆ ಕೀಲಿ ಹಾಕಿದ್ದೆ. ಹೊರಗಿನದನ್ನು ತೆಗೆದೆ. ನಾಲ್ಕನೆಯ ದಿನ ಪುಟ ಸರ್ಚಿನಿಂದ ಮಾಯ. ಗೆದ್ದೆನೆಂದು ಎರಡು ಕಪ್ ಚಹಾ ಕುಡಿದೆ.

ಮದುವೆಗೆ ಬಂದ ಗಂಗಕ್ಕ ನನ್ನನ್ನು ಬದಿಗೆ ಕರೆದಳು.

“ತಮ್ಮಾ, ಆ ಯಾದಿ ಯಾಕ ತಗ್ದಿಯೋ? ಫೋನಿನ್ಯಾಗ ನಿನ್ನ ಅಂಗಡಿ ಹೆಸರು ಹಾಕಿ ಅದನ್ನ ನೋಡ್ಕೊಂಡೇ ನಾ ಆಹೇರ ಕಟ್ತಿದ್ದೆ. ಈ ಸಲ ಯಾರ್ದು ಯಾರಿಗಿ ಅಂತ ತಿಳೀದ ಭಾಳ ಪಂಚಾಯ್ತಿ ಆಯ್ತು ನೋಡು.”

“ಅಕ್ಕಾ, ಹಸರು ಸೀರೀದು ಓದಿ ಸಿಟ್ಟು ಬರಲಿಲ್ಲೇನು?”

“ಸಿಟ್ಟ್ಯಾಕ? ಬಣ್ಣ ಬಿಡೂದು ಖರೇನೇ ಅದ. ನನಗೂ ಅದು ಯಾರೋ ಕೊಟ್ಟಿದ್ದೇ!”

ನಗುತ್ತ ಕುಂಕುಮ ಹಚ್ಚಿ ಕೈಗೊಂದು ಪೊಟ್ಟಣ ಇಟ್ಟಳು. ನನಗೆ ಕಣ್ಣು ತುಂಬಿ ಬಂತು. ಮನೆಯಲ್ಲಿ ಬಿಚ್ಚಿ ನೋಡಿದರೆ ಕಿತ್ತಳೆ ಪಟ್ಟೆಯ ಶರ್ಟ್ ಪೀಸ್, ಅಂಚಿನಲ್ಲಿ ನನ್ನದೇ ಅಂಗಡಿಯ ಹೆಸರು ಒತ್ತಿದ ಶಿಕ್ಕೆ. ಯಾವ ಗಿರಾಕಿಯೂ ಮುಟ್ಟಲಿಲ್ಲವೆಂದು ಹೋದ ವರ್ಷ ನಾನೇ ಆಕೆಯ ಮನೆಗೆ ದಾಟಿಸಿದ್ದು.

ಯಾದಿ ತೆರೆದು ಬರೆದೆ: ‘ಗಂಗಕ್ಕ ಕೊಟ್ಟ ಶರ್ಟ್ ಪೀಸ್. ಯಾರಿಗೂ ದಾಟಿಸಬಾರದು. ಮಾಲಕನೇ ಹೊಲಿಸಿಕೊಂಡು ತೊಡತಕ್ಕದ್ದು.’ ಆಮೇಲೆ ‘ತೋರಿಸಬೇಡ’ ಎಂಬ ಸಾಲನ್ನು ಅಳಿಸಿದೆ.