ಹೆಂಡತಿಯ ಹಿಂದೆ ಕೀತೋ ಸುತ್ತಿದ್ದು

ಎಂಥ ಬೀಗವಾದರೂ ಅದರ ಮುಖ ನೋಡಿದರೆ ಸಾಕು, ಹೊಟ್ಟೆಯೊಳಗೆ ಏನಿದೆಯೆಂದು ಹೇಳಬಲ್ಲೆ ಎಂಬುದು ಬೀಗ ರಿಪೇರಿಯ ವಿಲ್‌ಫ್ರಿಡೊನ ಹೆಮ್ಮೆ. ಕೀತೋ ನಗರದ ಸಾನ್ ರೋಕೆ ಬಡಾವಣೆಯಲ್ಲಿ ಅವನ ಅಂಗಡಿ. ಅಂಥವನಿಗೆ ಮನೆಯೊಳಗಿನ ಹೆಂಡತಿ ಲಾಸ್ತೇನಿಯಾ ಮಾತ್ರ ಕೆಲವು ತಿಂಗಳಿಂದ ಬಗೆಹರಿಯದೆ ಕೂತಿದ್ದಳು.

ಟೀಚರ್ ಕೆಲಸದಿಂದ ನಿವೃತ್ತಳಾದ ಮೇಲೆ ಆಕೆ ಶನಿವಾರಗಳಂದು ಪ್ರವಾಸಿಗರಿಗೆ ಹಳೇ ಪೇಟೆ ತೋರಿಸುವ ಗೈಡ್ ಆಗಿದ್ದಳು. ಆಗಲಿ. ಆದರೆ ಚರ್ಚು ತೋರಿಸುವುದಕ್ಕೆ ಲಿಪ್‌ಸ್ಟಿಕ್ ಯಾಕೆ? ಮನೆಗೆ ಬಂದಮೇಲೆ ಒಬ್ಬಳೇ ನಗುವುದು ಯಾಕೆ?

"ನಾನೂ ಒಂದ್ಸಲ ಬರ್ಲಾ?" ಎಂದು ಕೇಳಿದ.

"ಬೇಡ ಮುದುಕಾ. ನಿನ್ನ ಮಂಡಿ ನೋವು ಜಾಸ್ತಿ ಆಗತ್ತೆ."

ಅವನ ಮಂಡಿಯ ಮೇಲೆ ಆಕೆಗೆ ಇಷ್ಟೊಂದು ಕಾಳಜಿ ಹುಟ್ಟಿದ್ದು ಇದೇ ಮೊದಲು. ಅನುಮಾನ ಗಟ್ಟಿಯಾಯಿತು. ಕೈಯಾರೆ ಹಿಡಿದೇ ತೀರುತ್ತೇನೆ ಎಂದು ಶಪಥ ಮಾಡಿದ.

ಶನಿವಾರ ಅಂಗಡಿಗೆ ಬಾಗಿಲು ಹಾಕಿ, ಟೋಪಿಯನ್ನು ಹುಬ್ಬಿನವರೆಗೆ ಎಳೆದು, ಮಫ್ಲರನ್ನು ಮೂಗಿನವರೆಗೆ ಸುತ್ತಿ, ಕಪ್ಪು ಕನ್ನಡಕ ಏರಿಸಿ ಗುಂಪಿನ ಹಿಂದೆ ಸೇರಿಕೊಂಡ. ಉಳಿದವರೆಲ್ಲ ಚಿಲಿ ದೇಶದವರು. ಪಕ್ಕದಲ್ಲಿದ್ದ ಭರ್ಜರಿ ಹೆಂಗಸು, ಎಲ್ಲರೂ ಗೌರವದಿಂದ ದೋನ್ಯಾ ಎನ್ನುತ್ತಿದ್ದ ಬೆರ್ತಾ, "ನಿಮ್ದು ಯಾವೂರು?" ಎಂದಳು.

"ಲಿಮಾ" ಎಂದು ಮಫ್ಲರಿನೊಳಗಿಂದ ಗೊಣಗಿದ.

ಅಧ್ಯಕ್ಷರ ಅರಮನೆ, ಚಿನ್ನದ ಚರ್ಚು ಎಲ್ಲ ಮುಗಿದವು. ವಿಲ್‌ಫ್ರಿಡೊ ಒಂದನ್ನೂ ನೋಡಲಿಲ್ಲ. ಹೆಂಡತಿ ಯಾರ ಕಡೆ ತಿರುಗಿ ನಗುತ್ತಾಳೆ ಎಂದಷ್ಟೇ ನೋಡುತ್ತಿದ್ದ. ಎಲ್ಲರ ಕಡೆಗೂ ನಗುತ್ತಿದ್ದಳು. ಇದಂತೂ ಇನ್ನೂ ಅನುಮಾನಾಸ್ಪದ.

ಲಾ ರೋಂದಾ ಬೀದಿಯ ಒಂದು ಬಾಲ್ಕನಿಯ ಕೆಳಗೆ ಬಂದಾಗ ಆಕೆಯ ದನಿ ಮೆತ್ತಗಾಯಿತು. "ನಾನು ಇದೇ ಬಾಲ್ಕನೀಲಿ ನಿಂತಿದ್ದೆ. ಕೆಳಗೆ ಅವರು ಗಿಟಾರ್ ಹಿಡ್ಕೊಂಡು, ಮಳೇಲಿ ನೆನೀತಾ ಹಾಡಿದ್ರು. ಅದೆಂಥ ಕಂಠ ಅಂತೀರಿ..."

ವಿಲ್‌ಫ್ರಿಡೊ ಜನ್ಮದಲ್ಲಿ ಗಿಟಾರ್ ಮುಟ್ಟಿದವನಲ್ಲ. ಯಾರವನು? ಮನಸ್ಸಿನಲ್ಲೇ ಇಡೀ ಬೀದಿಯ ಗಂಡಸರನ್ನು ಸಾಲಾಗಿ ನಿಲ್ಲಿಸಿದ. ಬೇಕರಿಯ ಆನಿಬಲ್ ಹತ್ತಿರ ಗಿಟಾರ್ ಇತ್ತು. ಅವಳಿಗೆ ಮಾತ್ರ ಬಿಸಿ ಬಿಸಿ ಬ್ರೆಡ್ಡು ಆರಿಸಿ ಕೊಡುತ್ತಿದ್ದ, ಪಾಪಿ.

ಸಾನ್ ಫ್ರಾನ್ಸಿಸ್ಕೊ ಚೌಕದಲ್ಲಿ ಆಕೆ ಮತ್ತೆ ನಿಂತಳು. "ಇಲ್ಲೆಲ್ಲಾ ನೀರು ನಿಂತಿತ್ತು. ನನ್ನ ಷೂ ಒದ್ದೆ ಆಗ್ಬಾರ್ದು ಅಂತ ನನ್ನ ಎತ್ಕೊಂಡೇ ಆ ತುದಿಗೆ ದಾಟಿಸಿದ್ರು."

ಆನಿಬಲ್‌ಗೆ ಸೊಂಟ ನೋವು. ಹಿಟ್ಟಿನ ಮೂಟೆಯನ್ನೇ ಎತ್ತಲಾರ. ಹಾಗಾದರೆ ಔಷಧಿ ಅಂಗಡಿಯ ಆ ಉದ್ದನೆಯವನೇ ಇರಬೇಕು.

"ಈಗೆಲ್ಲಿದಾರೆ ಅವರು?" ಬೆರ್ತಾ ಕೇಳಿದಳು.

ಲಾಸ್ತೇನಿಯಾ ಕರ್ಚೀಫು ತೆಗೆದಳು. "ಹೋಗ್ಬಿಟ್ರು. ಮೂರು ವರ್ಷ ಆಯ್ತು."

ಔಷಧಿ ಅಂಗಡಿಯವನು ನಿನ್ನೆ ತಾನೇ ಕೆಮ್ಮಿನ ಸಿರಪ್ ಕೊಟ್ಟಿದ್ದ. ಹಾಗಾದರೆ ಅವನೂ ಅಲ್ಲ. ಪೀಡೆ ತೊಲಗಿತಲ್ಲ ಎಂದು ಅರ್ಧ ಸಮಾಧಾನ, ಸತ್ತವನ ಕಾಲು ಮುರಿಯುವಂತಿಲ್ಲವಲ್ಲ ಎಂದು ಅರ್ಧ ನಿರಾಸೆ.

"ಅವರ ಹೆಸರೇನು?"

"ವಿಲ್‌ಫ್ರಿಡೊ. ನನ್ನ ಯಜಮಾನರು."

ಚಿಲಿಯವರೆಲ್ಲ ಟೋಪಿ ತೆಗೆದರು. ತೆಗೆಯದೆ ನಿಂತಿದ್ದವನು ಸತ್ತವನೊಬ್ಬನೇ.

"ತೆಗೀರಿ, ಸತ್ತೋರಿಗೆ ಮರ್ಯಾದೆ ಕೊಡೋದು ಕಲೀರಿ" ಎಂದು ಬೆರ್ತಾ ಮೊಣಕೈಯಿಂದ ತಿವಿದಳು.

ಟೋಪಿ, ಕನ್ನಡಕ, ಮಫ್ಲರ್ ಎಲ್ಲವನ್ನೂ ಒಟ್ಟಿಗೇ ಕಿತ್ತ. "ನಾನೇ ರೀ ವಿಲ್‌ಫ್ರಿಡೊ. ನಾನು ಸತ್ತಿಲ್ಲ!"

ಬೆರ್ತಾ ಅವನನ್ನು ಮೇಲಿಂದ ಕೆಳಗಿನವರೆಗೂ ನೋಡಿದಳು. ಅದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. "ಲಿಮಾ ಅಂದ್ರಲ್ಲ?"

"ಅದು ಸುಳ್ಳು ಹೇಳಿದ್ದು."

"ಇದೂ ಅಷ್ಟೇ ತಾನೆ. ಎಲ್ಲಿ, ಒಂದು ಹಾಡು ಹೇಳಿ ನೋಡೋಣ."

ಹಾಡಿದ. ಚೌಕದ ಪಾರಿವಾಳಗಳೆಲ್ಲ ಎದ್ದು ಹೋದವು.

"ವಿಧವೆ ಅಂತ ಗೊತ್ತಾದ್ರೆ ಸಾಕು, ವಕ್ಕರಿಸ್ಕೋತಾರೆ" ಎಂದು ಬೆರ್ತಾ ಲಾಸ್ತೇನಿಯಾಳನ್ನು ತನ್ನ ಹಿಂದಕ್ಕೆ ಸರಿಸಿಕೊಂಡಳು. "ಸೆನ್ಯೋರಾ, ಇವನು ಗೊತ್ತಾ ನಿಮಗೆ?"

ಲಾಸ್ತೇನಿಯಾಳ ಮುಖ ಸುಣ್ಣವಾಗಿತ್ತು. "ನಮ್ಮ ಬೀದಿಯವನೇ. ಬೀಗ ರಿಪೇರಿ ಮಾಡ್ತಾನೆ. ಪಾಪ, ಏನೂ ಮಾಡಲ್ಲ ಬಿಡಿ."

ಗುಂಪು ತಿಂಡಿ ಗಾಡಿಯ ಕಡೆ ಸರಿದಾಗ ಆಕೆ ಅವನ ತೋಳು ಹಿಡಿದು ಕಂಬದ ಮರೆಗೆ ಎಳೆದಳು.

"ನನ್ನ ಯಾಕೆ ಸಾಯಿಸ್ದೆ?" ಎಂದು ಕೇಳಿದ.

"ಮೊದಲ್ನೇ ವಾರ ಬದುಕಿಸೇ ಇಟ್ಟಿದ್ದೆ ಮುದುಕಾ. ಗಂಡ ಅಂಗಡೀಲಿದಾನೆ ಅಂದ್ರೆ ಎಲ್ರೂ ಫೋನ್ ನೋಡ್ಕೊಂಡು ನಿಂತ್ರು. ಸಾಯಿಸಿದ ಮೇಲೇನೇ ಕಿವಿ ಕೊಟ್ಟಿದ್ದು."

"ಮತ್ತೆ ಆ ಹಾಡು? ಎತ್ಕೊಂಡು ದಾಟಿಸಿದ್ದು?"

ಆಕೆ ಕರ್ಚೀಫು ಮಡಚಿದಳು. "ನಲವತ್ತು ವರ್ಷ ಕಾದೆ. ನೀನು ಮಾಡ್ಲಿಲ್ಲ. ಅದಕ್ಕೆ ಆ ಸತ್ತೋರ ಕೈಲಿ ಮಾಡಿಸ್ಕೊಂಡೆ."

ಅಷ್ಟರಲ್ಲಿ ಗುಂಪು ಕೂಗಿತು, ಆಕೆ ಹೋದಳು. ಬೆರ್ತಾ ಮಾತ್ರ ಹೂವಿನವಳ ಹತ್ತಿರ ಒಂದು ಗೊಂಚಲು ಬಿಳಿ ಲಿಲ್ಲಿ ಕೊಂಡು ಇವನ ಹತ್ತಿರವೇ ಬಂದಳು. ಸಿಟ್ಟು ಇಳಿದಿತ್ತು.

"ನಾಳೆ ನಮಗೆ ವಿಮಾನ. ಸ್ಮಶಾನಕ್ಕೆ ಹೋಗೋಕೆ ಹೊತ್ತಿಲ್ಲ. ನೀವು ಅದೇ ಬೀದಿಯೋರಲ್ವಾ, ಇದನ್ನ ಅವರ ಸಮಾಧಿ ಮೇಲೆ ಇಟ್ಬಿಡಿ. ಎಂಥ ಗಂಡ! ನಿಮಗೆ ಪರಿಚಯ ಇತ್ತಾ?"

ವಿಲ್‌ಫ್ರಿಡೊ ಎರಡೂ ಕೈಯಲ್ಲಿ ಹೂವನ್ನು ಇಸಿದುಕೊಂಡ.

"ಇಲ್ಲ ದೋನ್ಯಾ" ಎಂದ. "ಒಂದೇ ಬೀದೀಲಿದ್ವಿ. ಆದ್ರೂ ಭೇಟಿ ಆಗ್ಲೇ ಇಲ್ಲ."